ಹೋದವರ ಹದ

೧ ಜೂನ್ ೧೯೮೭, ಸೋಮವಾರ

ನಾನು ಗಿರಿಜಾಂಬಾ. ದಿವಂಗತ ಗಂಗಾಧರಪ್ಪನವರ ಹೆಂಡತಿ. ಚಿಕ್ಕಮಗಳೂರು ಮಾರ್ಕೆಟ್ ರಸ್ತೆಯ ಕಾಫಿಪುಡಿ ಅಂಗಡಿಯ ಯಜಮಾನಿ. ಹೈಸ್ಕೂಲು ಪಾಸು — ನಮ್ಮ ಮನೆತನದ ಹೆಂಗಸರಲ್ಲಿ ನಾನೇ ಮೊದಲು. ಈ ಊರಲ್ಲೂ ಸುತ್ತಿನ ಎಸ್ಟೇಟುಗಳಲ್ಲೂ ಸೇರಿ ಮುನ್ನೂರು ಮನೆಯವರು ಬೆಳಿಗ್ಗೆ ಎದ್ದು ಏನು ಕುಡಿಯುತ್ತಾರೆಂದು ತೀರ್ಮಾನಿಸುವವಳು ನಾನು. ಒಂದೊಂದು ಮನೆಗೆ ಒಂದೊಂದು ಹದ. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಬೇಕೇ ಬೇಡವೇ, ಎಷ್ಟು ಕಪ್ಪಗೆ ಹುರಿಯಬೇಕು… ಹದ ಇರುವುದು ಮನೆಯ ಹಿರಿಯರ ಹೆಸರಿನಲ್ಲಿ. ಎಲ್ಲೂ ಬರೆದಿಟ್ಟಿಲ್ಲ. ನನ್ನ ಅತ್ತೆಯೂ ಬರೆದಿಡಲಿಲ್ಲ.

ಹೊಸ ಡೈರಿ, ಅದಕ್ಕೆ ಇಷ್ಟು ಪೀಠಿಕೆ.

ಬೆಳಿಗ್ಗೆ ಡ್ರಮ್ಮಿಗೆ ಬೆಂಕಿ ಹಾಕಿಸಿದೆ. ಮೂರು ಸುತ್ತು ಹುರಿದೆ. ಬೀದಿಯಲ್ಲಿ ಹೋಗುವವರು ನಿಂತು ಉಸಿರೆಳೆದುಕೊಂಡು ಮುಂದೆ ಹೋದರು. ನನಗೆ ಬರೀ ಹೊಗೆ ಕಂಡಿತು.

ಇಲ್ಲಿ ಬರೆಯಬಹುದು. ನನ್ನ ಮೂಗು ಸತ್ತಿದೆ. ಕಳೆದ ಚಳಿಗಾಲದ ಜ್ವರ ಬಿಟ್ಟ ಮೇಲೆ ಯಾವ ವಾಸನೆಯೂ ಬಂದಿಲ್ಲ. ಯಾರಿಗೂ ತಿಳಿದಿಲ್ಲ. ಬೀಜ ಸಿಡಿಯುವ ಸದ್ದು ಕೇಳಿ ಹುರಿಯುತ್ತಿದ್ದೇನೆ.

ದೀಪಾವಳಿ ದೂರವಿದೆ. ಆದರೂ…

೪ ಜೂನ್

ಮಳೆ ಹಿಡಿದಿದೆ. ಗಿರಿ ಕಾಣುತ್ತಿಲ್ಲ.

ಅತ್ತೆ ಮಾಡಿಟ್ಟ ಕ್ರಮ ಹೀಗೆ: ಬಲಿಪಾಡ್ಯಮಿಯ ದಿನ ಅಂಗಡಿಪೂಜೆ ಮುಗಿದ ಮೇಲೆ, ಗಾದಿಯಲ್ಲಿ ಕೂರುವವರ ಕಣ್ಣಿಗೆ ಬಟ್ಟೆ ಕಟ್ಟಿ, ಮುಂದೆ ಐದು ಬಟ್ಟಲು ಇಡಬೇಕು. ಹುರಿದ ಬೀಜ ಯಾವ ಕಡೆಯದು ಎಂದು ಮೂಗಿನಿಂದಲೇ ಹೇಳಬೇಕು. ಹೇಳಲಾರದವರು ಗಾದಿ ಬಿಟ್ಟು ಏಳಬೇಕು. ಯಜಮಾನರು ತೀರಿಕೊಂಡ ವರ್ಷದಿಂದ ಹೋದ ದೀಪಾವಳಿಯವರೆಗೆ ಒಮ್ಮೆಯೂ ತಪ್ಪಿಲ್ಲ ನಾನು.

ಈ ಸಲ ಎದ್ದರೆ ಕೂರುವವನು ಮೈದುನ ರೇವಣ್ಣ. ಅವನಿಗೆ ಮುನ್ನೂರು ಹದ ಬೇಡ. ಒಂದೇ ಪುಡಿ, ಬಣ್ಣದ ಪ್ಯಾಕೆಟ್ಟು, ಅದರ ಮೇಲೆ ನಗುವ ಹೆಂಗಸಿನ ಚಿತ್ರ. ಮೂರು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ.

೬ ಜೂನ್

ಡ್ರಮ್ಮಿನ ಬೆಲ್ಟ್ ಸಡಿಲವಾಗಿತ್ತು. ಮೆಕ್ಯಾನಿಕ್ ನಸರುಲ್ಲಾ ಬಂದಿದ್ದ. ಕೆಲಸ ಮಾಡುತ್ತಾ ಮಗಳು ರಶೀದಾಳ ಸುದ್ದಿ ಹೇಳಿದ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ಕಲಿತು ಬಂದಿದ್ದಾಳಂತೆ.

"ಏನು ಮಾಡತ್ತೆ ಅದು?" ಅಂದೆ.

"ಒಂದ್ಸಲ ಹೇಳಿದ್ದು ಮರೆಯಲ್ವಂತೆ ಅಮ್ಮಾವ್ರೇ. ನಮ್ಮ ಮನೆಯವಳ ಹಂಗೆ."

ಮಧ್ಯಾಹ್ನ ಮಲಗಿದಾಗ ಅದೇ ಯೋಚನೆ. ಮುನ್ನೂರು ಹದವನ್ನೂ ಮರೆಯದ ಒಂದು ಪೆಟ್ಟಿಗೆ. ಅದು ಅಂಗಡಿ ನಡೆಸಿದರೆ ಐದು ಬಟ್ಟಲು ಯಾರಿಗೆ ಬೇಕು? ಕಾಲ ಬದಲಾಯಿತು ರೇವಣ್ಣ, ಪರೀಕ್ಷೆ ಇನ್ನು ಬೇಡ ಎಂದರೆ ಆಯಿತು. ಗಾದಿ ಉಳಿಯುತ್ತದೆ. ಹದಗಳೂ ಉಳಿಯುತ್ತವೆ.

ಹಾಗೇ ಜೋಂಪು ಹತ್ತಿತು. ಕನಸಿನಲ್ಲಿ ಮೂಗು ಸರಿಯಾಗಿತ್ತು. ಏಲಕ್ಕಿ ಒಣಹಾಕಿದ ಕೋಣೆ, ನೆನೆದ ಗೋಣಿ, ಅತ್ತೆಯ ಸೀರೆಯ ಮಡಿಕೆ… ಎದ್ದ ಮೇಲೆ ಏನೂ ಇಲ್ಲ.

೯ ಜೂನ್

ರಶೀದಾ ಬಂದಳು. ತೆಳ್ಳಗಿನ ಹುಡುಗಿ, ದಪ್ಪ ಕನ್ನಡಕ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಂದು ಡ್ರಮ್ಮಿನ ಪಕ್ಕ ಕೂರುತ್ತಿದ್ದಳು, ನೆನಪಿದೆ. ಒಳಗೆ ಕಾಲಿಡುತ್ತಲೇ, "ಇವತ್ತು ಗಿರಿ ಕಡೇ ಬೀಜ ಹುರಿದ್ರಾ ಅಮ್ಮಾ?" ಅಂದಳು.

ಹೌದು, ಬಾಬಾಬುಡನ್‌ಗಿರಿ ಕಡೆಯದೇ. ಮಾತನ್ನು ಕೆಲಸದ ಕಡೆ ತಿರುಗಿಸಿದೆ.

"ಎಷ್ಟು ದಿನದಲ್ಲಿ ಮಾಡ್ತೀಯ?"

"ಮೊದ್ಲು ನಿಮ್ಮನ್ನ ಕೇಳ್ಬೇಕು. ಆಮೇಲೆ ಚಿತ್ರ ಹಾಕ್ಬೇಕು. ಆಮೇಲೆ ಪ್ರೋಗ್ರಾಂ ಬರೀಬೇಕು. ಆಮೇಲೆ ಟೆಸ್ಟಿಂಗು. ಅದಾದ್ಮೇಲೆ ನಿಮಗೆ ಒಪ್ಸೋದು."

"ದೀಪಾವಳಿಗೆ ಮುಂಚೆ ಆಗ್ಬೇಕು."

"ಕೇಳೋದು ಸರಿಯಾಗಿ ಆದ್ರೆ ಮಿಕ್ಕಿದ್ದೆಲ್ಲ ಆಗತ್ತೆ ಅಮ್ಮಾ."

"ನಾನು ಹೇಳೋದು ಸರಿಯಾಗೇ ಇರತ್ತೆ."

"ಎಲ್ರೂ ಹಂಗೇ ಹೇಳ್ತಾರಂತೆ. ನಮ್ಮ ಮೇಷ್ಟ್ರು ಹೇಳಿದ್ರು." ನಕ್ಕಳು. ನಾನು ನಗಲಿಲ್ಲ.

೧೫ ಜೂನ್

ಕೇಳುತ್ತಾಳೆ, ಕೇಳುತ್ತಾಳೆ. ಇಷ್ಟು ಪ್ರಶ್ನೆ ನನ್ನ ಮದುವೆಗೆ ಮುಂಚೆ ಗಂಡಿನ ಕಡೆಯವರೂ ಕೇಳಿರಲಿಲ್ಲ. ಒಂದೊಂದೇ ಮನೆಯ ಹದ ಹೇಳುತ್ತಾ ಹೋದೆ. ಹೇಳುವಾಗ ಆ ಮನೆಗಳೇ ಕಣ್ಣ ಮುಂದೆ ಬರುತ್ತವೆ. ಒಬ್ಬರ ಪಡಸಾಲೆ, ಇನ್ನೊಬ್ಬರ ಹಿತ್ತಾಳೆ ಫಿಲ್ಟರ್. ಕಣ್ಣು ಮುಚ್ಚಿ ಹೇಳುತ್ತಿದ್ದೆ.

"ಹುರಿಯೋದು ಯಾವಾಗ ನಿಲ್ಲಿಸ್ಬೇಕು ಅಂತ ಹೆಂಗೆ ಗೊತ್ತಾಗತ್ತೆ?"

"ವಾಸನೆ."

ಬರೆದುಕೊಂಡಳು. ಒಂದು ಕ್ಷಣ ನನ್ನ ಮುಖ ನೋಡಿದಳು. ಹಾಗೆ ಕಂಡಿತೋ ಏನೋ.

"ಒಂದು ಮನೆ ಹದ ಯಾವಾಗ ಬದಲಾಗತ್ತೆ ಅಮ್ಮಾ?"

"ನಮ್ಮ ಅಂಗಡಿ ಹದ ಬದಲಾಗಲ್ಲ."

"ಯಾವತ್ತೂ?"

"ಯಾವತ್ತೂ."

"ಒಂದು ರಾತ್ರಿ ಯೋಚನೆ ಮಾಡಿ ಹೇಳಿ, ಪರವಾಗಿಲ್ಲ."

"ಯೋಚನೆ ಮಾಡೋಕೆ ಏನಿದೆ ಅದರಲ್ಲಿ? ಬರ್ಕೋ."

ಬರೆದು ಅಡಿಗೆರೆ ಎಳೆದಳು.

೧೧ ಜುಲೈ

ಮಳೆ ನಿಂತಿಲ್ಲ. ಗೋಡೆಯ ಸುಣ್ಣ ಉದುರುತ್ತಿದೆ. ಚೀಲಗಳ ಕೆಳಗೆ ಹೊಟ್ಟು ಹಾಕಿಸಿದೆ.

ರಶೀದಾ ಚಿತ್ರ ತಂದಳು. ಉದ್ದನೆಯ ಹಾಳೆ. ಚೀಲಗಳ ಮೇಲೆ ಹಾಸಿದಳು. ಚೌಕದಲ್ಲಿ ಕೆಲಸ, ವಜ್ರದಾಕಾರದಲ್ಲಿ ಪ್ರಶ್ನೆ. ಹೌದು ಅಂದರೆ ಒಂದು ದಾರಿ, ಇಲ್ಲ ಅಂದರೆ ಇನ್ನೊಂದು. ಬೆರಳಿಟ್ಟುಕೊಂಡು ಹೋದೆ. ಎಲ್ಲಿಂದ ಹೊರಟರೂ ಕೊನೆಗೆ ಒಂದು ಚೀಟಿ. ಆ ಚೀಟಿಯ ಪ್ರಕಾರ ಪೊಟ್ಟಣ ಕಟ್ಟಬೇಕು.

ಇದು ನನ್ನ ತಲೆಯೊಳಗಿನ ದಾರಿಯೇ? ನನಗೆ ತಿಳಿಯದೆ ಇಷ್ಟು ವರ್ಷ ಇಲ್ಲಿ ಓಡಾಡಿದೆನೇ?

ಬೆಳಗಿನ ಜಾವ ಕನಸು. ಆ ಹಾಳೆಯೊಳಗೇ ನಡೆಯುತ್ತಿದ್ದೆ. ಮಂಜು. ಒಂದೊಂದು ವಜ್ರಕ್ಕೂ ಬಾಗಿಲು, ಒಂದೊಂದು ಬಾಗಿಲಿಗೂ ಅದರದೇ ವಾಸನೆ. ಒಂದು ಬಾಗಿಲು ಮಾತ್ರ ಮುಚ್ಚಿತ್ತು. ಒಳಗೆ ಯಜಮಾನರು ಕೆಮ್ಮಿದ ಹಾಗಾಯಿತು. ಚಿಲಕ ಸಿಗಲಿಲ್ಲ.

೩ ಆಗಸ್ಟ್

ಕಂಪ್ಯೂಟರ್ ಬಂತು. ನಸರುಲ್ಲಾ ಮೈಸೂರಿಂದ ಜೀಪಿನಲ್ಲಿ ತಂದ, ರಜಾಯಿಯಲ್ಲಿ ಸುತ್ತಿ. ಬಾಣಂತಿಯನ್ನು ಕರೆತಂದಂತೆ ನಿಧಾನವಾಗಿ ಓಡಿಸಿಕೊಂಡು ಬಂದೆ ಅಂದ. ಹೊಸದಲ್ಲ. ಯಾವುದೋ ಇನ್‌ಸ್ಟಿಟ್ಯೂಟಿನವರು ಬಿಟ್ಟದ್ದು. ಮಹಡಿಯ ಕೋಣೆಯಲ್ಲಿ ಇಡಿಸಿದೆ. ತೇವ ತಾಗದಿರಲೆಂದು ಪಕ್ಕದಲ್ಲಿ ಸದಾ ಒಂದು ಬಲ್ಬು ಉರಿಯಬೇಕಂತೆ, ಕೋಳಿಮರಿಗೆ ಇಟ್ಟ ಹಾಗೆ.

ರೇವಣ್ಣ ನಶ್ಯದ ಡಬ್ಬಿ ತಿರುಗಿಸುತ್ತಾ ಬಂದು ನೋಡಿದ.

"ಭಾನುವಾರದ ಸಿನಿಮಾ ಬರತ್ತಾ ಅತ್ತಿಗೆ ಇದರಲ್ಲಿ?"

"ನಿನ್ನ ಮುಖ ಮಾತ್ರ ಬರಲ್ಲ. ಅಷ್ಟು ಸಾಕು ನನಗೆ."

"ನಗಿ, ನಗಿ. ಬಲಿಪಾಡ್ಯಮಿಗೆ ಬಟ್ಟಲು ನಾನೇ ಇಡ್ತೀನಿ ಈ ಸಲ." ನಶ್ಯ ಏರಿಸಿ ಸೀನಿದ.

ಕರೆಂಟು ಬಂದಾಗ ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರ ಮೂಡಿತು. ಮಿಣುಕುಹುಳದ ಬಣ್ಣ. ಕನ್ನಡ ಬರುವುದಿಲ್ಲವಂತೆ ಅದಕ್ಕೆ, ಇಂಗ್ಲಿಷ್ ಅಕ್ಷರದಲ್ಲೇ ಹೆಸರು ಹೊಡೆಯಬೇಕು. ನಾನು ಓದಬಲ್ಲೆ.

೨೭ ಆಗಸ್ಟ್

ಮಹಡಿಯಿಂದ ಟಕಟಕ ಸದ್ದು ದಿನವಿಡೀ. ಮಳೆಯ ಸದ್ದು ಯಾವುದು, ಅವಳ ಬೆರಳಿನದು ಯಾವುದು, ತಿಳಿಯುವುದಿಲ್ಲ. ಕೆಲವು ಸಲ ಸುಮ್ಮನೆ ಹೋಗಿ ಹಿಂದೆ ಕೂರುತ್ತೇನೆ. ಮನೆಗಳ ಹೆಸರು ಒಂದರ ಕೆಳಗೊಂದು ಮೇಲೇರುತ್ತಾ ಹೋಗುತ್ತವೆ. ಊರಿಗೆ ಊರೇ ಹಸಿರು ನೀರಿನಲ್ಲಿ ತೇಲಿ ಹೋದ ಹಾಗೆ.

ಎರಡು ಸಲ ಕರೆಂಟು ಹೋಗಿ ಬರೆದದ್ದು ಅಳಿಸಿಹೋಯಿತು. ಅವಳು ಅಳಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದು ಮೊದಲಿಂದ ಕೂತಳು. ಮೆಚ್ಚಿಕೆಯಾಯಿತು. ಹೇಳಲಿಲ್ಲ.

೧೪ ಸೆಪ್ಟೆಂಬರ್

ಟೆಸ್ಟಿಂಗು. ಅದು ಹೇಳಿದ ಹದ, ನಾನು ಹೇಳಿದ ಹದ, ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ತಪ್ಪು ಯಾರದೆಂದು ಹುಡುಕಬೇಕು.

ಒಂದು ಕಡೆ ಜಗಳವಾಯಿತು. ಓಂಕಾರಮೂರ್ತಿ ವಕೀಲರ ಮನೆಗೆ ಚಿಕೋರಿ ಇಲ್ಲ ಅಂದೆ. "ಜೂನಲ್ಲಿ ಸ್ವಲ್ಪ ಅಂದಿದ್ರಿ ಅಮ್ಮಾ."

"ಅವರೆದುರಿಗೆ ಇಲ್ಲ ಅಂತೀನಿ. ಹಾಕೋದು ಹೌದು. ಹಾಕದಿದ್ರೆ ಅವರಿಗೇ ಸೇರಲ್ಲ."

"ಮತ್ತೆ ಪ್ರೋಗ್ರಾಮಿಗೆ ಯಾವುದು ಹೇಳ್ಲಿ? ಹೇಳೋದಾ, ಹಾಕೋದಾ?"

ಮೊದಲ ಸಲ ಅವಳೆದುರು ನಗು ಬಂತು.

೧೬ ಸೆಪ್ಟೆಂಬರ್

ಬರೆಯಲು ಕೈ ಬರುತ್ತಿಲ್ಲ.

ಮಧ್ಯಾಹ್ನ ಮಹಡಿಯಲ್ಲಿ ನಾನೊಬ್ಬಳೇ ಕೂತಿದ್ದೆ. ರಶೀದಾ ಊಟಕ್ಕೆ ಹೋಗಿದ್ದಳು. ಕಿಟಕಿಯಾಚೆ ಮಂಜು ಹರಿಯುತ್ತಿತ್ತು. ನೋಡುತ್ತಾ ಮೈಮರೆತಿದ್ದೆ. ಇದ್ದಕ್ಕಿದ್ದಂತೆ ಧಡಧಡ ಮೆಟ್ಟಿಲು ಹತ್ತಿ ಬಂದವಳೇ ಪ್ಲಗ್ಗು ಕಿತ್ತಳು. ನನ್ನ ಕಾಲ ಬಳಿಯೇ ಸ್ಟೆಬಿಲೈಸರ್ ಒಳಗೊಳಗೇ ಸುಡುತ್ತಿತ್ತಂತೆ. ಹೊಗೆ ಇನ್ನೂ ಹೊರಗೆ ಬಂದಿರಲಿಲ್ಲ.

"ಬೀದಿಗೆ ವಾಸನೆ ಬಂತು ಅಮ್ಮಾ. ನಿಮಗೆ…"

ಅಲ್ಲಿಗೇ ನಿಲ್ಲಿಸಿದಳು. ನನ್ನನ್ನೇ ನೋಡಿದಳು. ನಾನು ಕಿಟಕಿ ನೋಡಿದೆ.

೧೮ ಸೆಪ್ಟೆಂಬರ್

ರಶೀದಾ ಎಂದಿನಂತೆ ಬಂದಳು, ಕೂತಳು, ಟಕಟಕ. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಹುರಿಯೋದು ನಿಲ್ಲಿಸೋ ಕಡೆ 'ವಾಸನೆ' ಅಂತ ಇತ್ತಲ್ಲ ಅಮ್ಮಾ. ಅದನ್ನ ತೆಗೆದು 'ಸದ್ದು' ಅಂತ ಮಾಡಿದೀನಿ. ಅಬ್ಬಾಗೂ ಹೇಳಿಲ್ಲ."

ನಸರುಲ್ಲಾನಿಗೂ ಹೇಳಿಲ್ಲ. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. ಯಾರನ್ನೂ ಬಾಗಿಲವರೆಗೆ ಬೀಳ್ಕೊಡುವವಳಲ್ಲ ನಾನು.

೧ ಅಕ್ಟೋಬರ್, ಆಯುಧಪೂಜೆ

ಒಪ್ಪಿಸುವ ದಿನ ಇದೇ ಆಗಲಿ ಎಂದಿದ್ದೆ. ಡ್ರಮ್ಮು, ತಕ್ಕಡಿ, ಬೀಸುವ ಮಷೀನು, ಜೀಪು — ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೆ ಚೆಂಡುಹೂವಿನ ಹಾರ. ಪ್ರೋಗ್ರಾಂ ಇರುವುದು ತೆಳ್ಳನೆಯ ಕಪ್ಪು ಫ್ಲಾಪಿಯಲ್ಲಿ. ಅದೇ ತಾನೇ ಮುಖ್ಯ ಎಂದು ನಾನೇ ಅದಕ್ಕೆ ನೀರಲ್ಲಿ ಕಲಸಿದ ವಿಭೂತಿಯ ಮೂರು ಗೆರೆ ಎಳೆದು ನಡುವೆ ಕುಂಕುಮ ಇಟ್ಟೆ. ಒಳಗಿನ ಬಿಲ್ಲೆ ಕಾಣುವ ಸಂದಿಯ ಮೇಲೇ.

ರಶೀದಾ ಬಂದು ನೋಡಿ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು.

"ಹೋಯ್ತಾ?" ಅಂದೆ.

"ಇದು ಹೋಯ್ತು ಅಮ್ಮಾ. ಇನ್ನೊಂದು ಕಾಪಿ ನಮ್ಮನೆ ಅಕ್ಕಿ ಡಬ್ಬದಲ್ಲಿದೆ. ಆಯುಧಪೂಜೆ ಅಂದ ಕೂಡ್ಲೇ ಮಾಡಿಟ್ಟೆ."

ಸಂಜೆ ಮೊದಲ ಚೀಟಿ ಅಚ್ಚಾಗಿ ಬಂತು. ಕರ್ರ್ ಕರ್ರ್ ಎಂದು, ಗೂಬೆ ಮಾತಾಡಿದ ಹಾಗೆ. ಸರಿಯಾಗಿತ್ತು. ಪ್ರತಿ ಗುರುವಾರ ಚೀಟಿ, ಶುಕ್ರವಾರ ಪೊಟ್ಟಣ, ಶನಿವಾರ ಬಸ್ಸಿಗೆ. ನನ್ನ ಕೈ ಇನ್ನು ಬೇಕಿಲ್ಲ.

೧೦ ಅಕ್ಟೋಬರ್

ಅನಾಹುತವಾಯಿತು.

ಬುಧವಾರ ಮಲ್ಲಂದೂರಿನಲ್ಲಿ ಜವರಯ್ಯ ತೀರಿಕೊಂಡರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ನಮ್ಮ ಅತ್ತೆಯ ಕಾಲದ ಗಿರಾಕಿ. ಸುದ್ದಿ ನನಗೆ ಗುರುವಾರವೇ ಬಂದಿತ್ತು. ಅಯ್ಯೋ ಅಂದೆ, ಕೈಮುಗಿದೆ, ಸುಮ್ಮನಾದೆ. ಇವತ್ತಿನ ಬಸ್ಸಿಗೆ ಅವರ ಹೆಸರಿನ ಪೊಟ್ಟಣ ಹೋಗಿಬಿಟ್ಟಿದೆ. ಅವರ ಹದವೇ. ಅವರೊಬ್ಬರಿಗೇ ಸೇರುತ್ತಿದ್ದ ಕಡುಕಪ್ಪು ಹದ.

ನಮ್ಮ ಅಂಗಡಿಯ ಪದ್ಧತಿಯೇ ಬೇರೆ. ಮನೆಯ ಹಿರಿಯರು ಹೋದ ದಿನವೇ ಅವರ ಹದ ನಿಲ್ಲಬೇಕು. ಉಳಿದವರ ಹೆಸರಿನಲ್ಲಿ ಹೊಸ ಹದ ಕಟ್ಟಿ, ಅವರು ಕೇಳುವ ಮುಂಚೆಯೇ ಕಳಿಸಬೇಕು. ಹೋದವರ ವಾಸನೆ ಆ ಮನೆಯ ಒಲೆಯಿಂದ ಏಳಬಾರದು. ಯಜಮಾನರು ಹೋದಾಗ ಅತ್ತೆ ನನ್ನ ಕೈಯಲ್ಲೇ ಅವರ ಹದ ನಿಲ್ಲಿಸಿದರು, ಅದೇ ದಿನ. ಆಮೇಲೆ ಎಷ್ಟು ಮನೆಗಳಿಗೆ ನಾನು ಹೀಗೆ ಮಾಡಿಲ್ಲ! ಆದರೆ ಹದ ಬದಲಾಗುವುದೇ ಇಲ್ಲ ಎಂದು ರಶೀದಾಳಿಗೆ ಹೇಳಿದವಳೂ ನಾನೇ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅದು ನನ್ನ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ರೇವಣ್ಣ ಬೀದಿಗೆ ಕೇಳುವಂತೆ ಮಾತಾಡಿದ. "ಸತ್ತೋರ ಹೆಸ್ರಿಗೆ ಪುಡಿ ಕಳಿಸಿದ್ರಲ್ಲ ಅತ್ತಿಗೆ. ಅಮ್ಮ ಇದ್ದಿದ್ರೆ ಏನನ್ನೋಳು? ಆ ಡಬ್ಬಿ ಎತ್ತಿ ಹೊರಗಿಡಿ. ನೀವೂ ದಣಿದಿದೀರಿ, ಸಾಕು."

ರಶೀದಾ ಮೆಲ್ಲಗೆ, "ಎರಡು ಸಲ ಕೇಳಿದ್ದೆ ಅಮ್ಮಾ" ಅಂದಳು.

"ಗೊತ್ತು" ಅಂದೆ.

೧೧ ಅಕ್ಟೋಬರ್, ಭಾನುವಾರ. ಸಂಜೆ

ಮಲ್ಲಂದೂರಿಗೆ ಹೋಗಿಬಂದೆ. ಕ್ಷಮೆ ಕೇಳಲು. ಹಾಗೆ ಎಲ್ಲಿಗೂ ಹೋದವಳಲ್ಲ. ನಸರುಲ್ಲಾ ಜೀಪು ತಂದಿದ್ದ. ಮಂಜು ರಸ್ತೆಯ ಮೇಲೆ ಮಲಗಿತ್ತು, ಹಾರನ್ ಹೊಡೆದರೆ ಏಳುತ್ತಿತ್ತು.

ಜವರಯ್ಯನವರ ಹೆಂಡತಿ ಯಲ್ಲಮ್ಮ ಬಾಗಿಲಲ್ಲೇ ಕೂತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಒಳಗೆ ಕರೆದರು. ಕಾಫಿ ಕೊಟ್ಟರು. ಅದೇ ಪುಡಿಯದು.

"ಕಳಿಸಬಾರದಿತ್ತು ಯಲ್ಲಮ್ಮ. ತಪ್ಪಾಯ್ತು" ಅಂದೆ.

"ಯಾಕೆ ಅಮ್ಮಾವ್ರೇ? ನಿನ್ನೆ ಸಂಜೆ ನೀರಿಗೆ ಹಾಕಿದ್ದೇ ತಡ, ಮನೆ ತುಂಬ ಅವರೇ. ನಮ್ಮ ನಾಯಿ ಎದ್ದು ಹೋಗಿ ಅವರ ಕುರ್ಚಿ ಹತ್ರ ಮಲಗ್ತು. ಬುಧವಾರದಿಂದ ಒಂದು ತೊಟ್ಟು ಕಣ್ಣೀರು ಬಂದಿರಲಿಲ್ಲ ನಂಗೆ, ಕಲ್ಲಾಗಿ ಕೂತಿದ್ದೆ. ಆಗ ಬಂತು." ಸೆರಗಿನಿಂದ ಮುಖ ಒರೆಸಿಕೊಂಡರು. "ಅದೇನೋ ಮಷೀನು ಚೀಟಿ ಬರೆಯತ್ತಂತಲ್ಲ. ಇವರು ಹೋದ್ರು ಅಂತ ಅದಕ್ಕೆ ಹೇಳ್ಬೇಡಿ. ಇನ್ನಷ್ಟು ದಿನ ಹೇಳ್ಬೇಡಿ."

ಲೋಟ ಕೈಯಲ್ಲಿ ಬೆಚ್ಚಗಿತ್ತು.

"ಹಂಗೇ ಇದೆಯಲ್ಲ ಅಮ್ಮಾವ್ರೇ ವಾಸನೆ? ಅವರದ್ದೇ ಅಲ್ವಾ?"

ಹೌದು ಅನ್ನಬಹುದಿತ್ತು. ಹತ್ತು ತಿಂಗಳಿಂದ ಎಲ್ಲರಿಗೂ ಅದನ್ನೇ ಅಂದಿದ್ದೆ. ಆ ಮುಖ ನೋಡಿಕೊಂಡು ಆಗಲಿಲ್ಲ.

"ನಂಗೆ ಗೊತ್ತಾಗಲ್ಲ ಯಲ್ಲಮ್ಮ. ನಂಗೆ ಮೂಗು ಹೋಗಿದೆ. ನೀವೇ ಹೇಳಿ, ಹೆಂಗಿದೆ?"

ಯಲ್ಲಮ್ಮ ನನ್ನ ಪಕ್ಕಕ್ಕೆ ಸರಿದು ಕೂತು, ಲೋಟದ ಹಬೆಯ ಮೇಲೆ ಮುಖವಿಟ್ಟು ಒಂದೊಂದೇ ಹೇಳಿದರು. ಸುಟ್ಟ ಬೆಲ್ಲ. ಒದ್ದೆ ಮಣ್ಣು. ಬೀಡಿ ಸೇದಿ ಬಂದವರ ಅಂಗಿ. ಕಣ್ಣು ಮುಚ್ಚಿ ಕೇಳಿದೆ. ನನಗೂ ಸ್ವಲ್ಪ ಬಂದಂತೆ… ಇಲ್ಲ. ಬರಲಿಲ್ಲ. ಆದರೂ.

೧೩ ಅಕ್ಟೋಬರ್

ರಶೀದಾಳನ್ನು ಕೂರಿಸಿಕೊಂಡು ಹೇಳಿದೆ: ಮನೆಯ ಹಿರಿಯರು ಹೋದರೆ ಏನು ಮಾಡುತ್ತಿದ್ದೆವು, ಯಾಕೆ ಮಾಡುತ್ತಿದ್ದೆವು. ಈ ಸಲ ಒಂದು ರಾತ್ರಿ ಯೋಚನೆ ಮಾಡಿ ಹೇಳಿದ್ದು.

"ಹಂಗಾದ್ರೆ ಹೋದವರ ಹೆಸರು ಅಳಿಸೋ ಹಂಗೆ ಮಾಡ್ಲಾ?"

"ಅಳಿಸ್ಬೇಡ. ನಿಲ್ಲಬೇಕು ಅಷ್ಟೇ. ಅಲ್ಲಿ ಒಂದು ವಜ್ರ ಹಾಕು. ಮನೆಯವರನ್ನ ಕೇಳಿದ್ರಾ ಅಂತ ಅದು ನಮ್ಮನ್ನ ಕೇಳ್ಬೇಕು. ನಾವು ಹೋಗಿ ಕೇಳ್ಬೇಕು."

"ಒಪ್ಸಿ ಆದ್ಮೇಲೂ ಕೆಲಸ ಇರತ್ತೆ ಅಂತ ನಮ್ಮ ಮೇಷ್ಟ್ರು ಹೇಳಿದ್ರು" ಅಂದಳು. "ಅದಕ್ಕೆ ಕೊನೆ ಇಲ್ವಂತೆ."

ಆಮೇಲೆ ಇನ್ನೊಂದು ಮಾತು ಕೇಳಿದೆ. ಬೆಚ್ಚಿಬಿದ್ದಳು.

"ನಾನು ಪ್ರೋಗ್ರಾಂ ಬರೆಯೋಳು ಅಮ್ಮಾ."

"ಮಧ್ಯಾಹ್ನ ಬರಿ. ಬೆಳಿಗ್ಗೆ ಹುರಿ."

"ರೇವಣ್ಣೋರು ಒಪ್ತಾರಾ? ಪೇಟೆಯವ್ರು? ನಾವು…"

"ಅದು ನನಗೆ ಬಿಡು. ನಿಂಗೆ ಇಷ್ಟ ಇದೆಯಾ ಇಲ್ವಾ?"

ಡ್ರಮ್ಮಿನ ಕಡೆ ನೋಡಿದಳು. ಚಿಕ್ಕವಳಿದ್ದಾಗ ನೋಡುತ್ತಿದ್ದ ಹಾಗೆ. ಉತ್ತರ ಬೇಕಿರಲಿಲ್ಲ.

೨೩ ಅಕ್ಟೋಬರ್, ಬಲಿಪಾಡ್ಯಮಿ

ಆಯಿತು.

ಪೂಜೆ ಮುಗಿಯಿತು. ರೇವಣ್ಣ ತಾನೇ ಐದು ಬಟ್ಟಲು ಜೋಡಿಸಿ, ಬಟ್ಟೆ ಹಿಡಿದು ನಿಂತ. ಪೇಟೆಯ ಹಿರಿಯರೆಲ್ಲ ಇದ್ದರು. ನಾನು ಗಾದಿಯಿಂದ ಎದ್ದೆ.

"ನನಗೆ ಮೂಗು ಹೋಗಿ ಹತ್ತು ತಿಂಗಳಾಯ್ತು. ಕ್ರಮದ ಪ್ರಕಾರ ಎದ್ದಿದೀನಿ. ಅದೇ ಕ್ರಮದ ಪ್ರಕಾರ, ಮೂಗಿದ್ದವರು ಕೂರ್ಬೇಕು. ರೇವಣ್ಣ, ಮೊದಲು ನೀನು."

ಬಣ್ಣ ಇಳಿದುಹೋಯಿತು ಅವನದು. ಬಟ್ಟೆ ಕಟ್ಟಿ, ಬಟ್ಟಲುಗಳ ಸಾಲು ಅದಲುಬದಲು ಮಾಡಿದೆ. ಎರಡು ಬಟ್ಟಲಿಗೇ ತಪ್ಪಿದ. ಮೂರನೆಯದಕ್ಕೆ ಸೀನಿದ, ಬೀಜ ಚೆಲ್ಲಿತು. ಯಾರೋ ನಕ್ಕರು. ನಾನು ನಗಲಿಲ್ಲ. ಬಟ್ಟಲು ಬದಲಾಯಿಸಿ, ರಶೀದಾಳನ್ನು ಕರೆದು ಕಣ್ಣು ಕಟ್ಟಿದೆ. ಗಿರಿ. ಸಂಸೆ. ಮಲ್ಲಂದೂರು. ಮೂಡಿಗೆರೆ ಕಡೆಯ ರೋಬಸ್ಟಾ. ಐದನೆಯದಕ್ಕೆ ತಡೆದಳು. "ಇದು ಹೋದ ವರ್ಷದ ಬೀಜ ಅಮ್ಮಾ. ಯಾವ ತೋಟದ್ದು ಅನ್ನೋದು ಆರಿಹೋಗಿದೆ." ಸರಿ. ಹಳೆಯ ಬೀಜವನ್ನು ನಾನೇ ಬೇಕೆಂದು ಇಟ್ಟಿದ್ದೆ.

"ಮೆಕ್ಯಾನಿಕ್ ಮಗಳನ್ನ ಗಾದೀಲಿ ಕೂರಿಸ್ತೀರಾ ಅತ್ತಿಗೆ?" ರೇವಣ್ಣ.

"ನಿಮ್ಮಮ್ಮ ಹೇಳಿದ್ದು ಮೂಗು ಅಂತ. ಯಾರ ಮಗಳು ಅಂತ ಹೇಳಲಿಲ್ಲ."

ಕೈ ಹಿಡಿದು ಕೂರಿಸಿದೆ. ಹಿಂದೆ ನಿಂತ ನಸರುಲ್ಲಾ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡ. ಪೇಟೆಯ ಹಿರಿಯರಲ್ಲಿ ಇಬ್ಬರು ಎಲೆಅಡಿಕೆ ಮುಟ್ಟದೆ ಹೋದರು. ಹೋಗಲಿ. ಬೆಳಿಗ್ಗೆ ಕಾಫಿ ಕುಡಿಯಬೇಕಲ್ಲ ಅವರೂ.

ನಾನು ಮಹಡಿ ಹತ್ತಿ ಕಂಪ್ಯೂಟರಿನ ಮುಂದೆ ಕೂತೆ. ಇನ್ನು ಅದು ನನ್ನ ಜಾಗ.

೨೪ ಅಕ್ಟೋಬರ್. ಮಧ್ಯಾಹ್ನ

ಒಂದೇ ಬೆರಳಿನಲ್ಲಿ ಹೊಡೆಯುತ್ತೇನೆ. ನಿಧಾನ. ಬೆಳಿಗ್ಗೆ ಒಂದು ಹೊಸ ಹೆಸರು ಸೇರಿಸಿದೆ. ಉದ್ದದ ಹೆಸರು, ಅಕ್ಷರ ಹುಡುಕಲು ಹೊತ್ತು ಹಿಡಿಯಿತು. ಗಂಗಾಧರಪ್ಪ. ಯಜಮಾನರ ಹದ ಮರೆತಿರಲಿಲ್ಲ. ಹೋದವರೆಂದು ಗುರುತು ಹಾಕಿದೆ. ಮನೆಯವರನ್ನು ಕೇಳಿದ್ರಾ ಎಂದು ಪ್ರೋಗ್ರಾಂ ಕೇಳಿತು. ಹೌದು ಅಂತ ಒತ್ತಿದೆ.

ಚೀಟಿ ರಶೀದಾಳ ಕೈಗೆ ಹೋಯಿತು. ಬೇರೆ ಬೀಜವೆಲ್ಲ ಇಳಿಸಿದ ಮೇಲೆ ಅದೊಂದನ್ನೇ ಹುರಿದು, ಬೀಸಿ, ತಾನೇ ತಂದು ಮನೆಯ ಅಡುಗೆಕಟ್ಟೆಯ ಮೇಲಿಟ್ಟು ಹೋದಳು.

ಈಗ ನೀರಿಟ್ಟಿದ್ದೇನೆ. ಇಲ್ಲೇ ಒಲೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ಹೊರಗೆ ತೆಳುಬಿಸಿಲು. ಪುಡಿ ಹಾಕಿದೆ. ನೊರೆ ಎದ್ದಿತು, ಹಬೆ ತೊಲೆಯವರೆಗೆ ಹೋಯಿತು. ನನಗೆ ಏನೂ ಇಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೇ ಮಾಡಿದ್ದು.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹುಚ್ಚಮ್ಮನ ಸದ್ದು ನಿಂತಿದೆ. ನಾನು ಮದುವೆಯಾಗಿ ಬಂದಾಗಲೇ ಈ ಮನೆಯಲ್ಲಿದ್ದವಳು. ಬಾಗಿಲಿಗೆ ಬಂದಳು. ಹೊಸ್ತಿಲು ದಾಟಲಿಲ್ಲ. ಒದ್ದೆ ಕೈಯಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬದಿಗೆ ಸರಿದು ನಿಂತಳು, ಯಜಮಾನರು ಮನೆಯಲ್ಲಿದ್ದಾಗ ನಿಲ್ಲುತ್ತಿದ್ದ ಹಾಗೆ. ನಾನು ಎರಡು ಲೋಟ ತೆಗೆದು, ಒಂದನ್ನು ಅವಳ ಕಡೆ ಸರಿಸಿ, "ಹೆಂಗಿದೆ, ಹೇಳು" ಅಂದೆ.